ಕೂರೋ ಮಾತ್ರೆ

ಕೂರುವುದೂ ಒಂದು ಸುಖ ಎನ್ನುವುದು ನಡೆಜ್ವರ ಬರುವ ತನಕ ಮಂಡ್ಯದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮನೆಗೆ ಬಂದವರನ್ನು ಕೂತ್ಕೊಳ್ಳಿ ಅನ್ನುವುದು ಬರೀ ಬಾಯುಪಚಾರವಾಗಿತ್ತು. ಸೊಳ್ಳೆಯಿಂದ ಬಂದ ಆ ಜ್ವರ ವಾರದಲ್ಲಿ ಇಳಿಯುತ್ತಿತ್ತು. ಇಳಿದ ಮೇಲೆ ಕೆಲವರ ಕಾಲು ಮಾತ್ರ ಅವರ ಮಾತು ಕೇಳುತ್ತಿರಲಿಲ್ಲ. ಕೂತರೆ ಮೂಳೆಯೊಳಗೆ ಇರುವೆ ಹರಿದಾಡಿದ ಹಾಗೆ, ಮಲಗಿದರೆ ಅವು ಕಚ್ಚಿದ ಹಾಗೆ. ನಡೆಯುತ್ತಿದ್ದರಷ್ಟೇ ಸಮಾಧಾನ. ಡಾಕ್ಟರುಗಳು ಮಿದುಳಿನ ಯಾವುದೋ ತುಂಡಿನ ಹೆಸರು ಹೇಳಿದರು. ಊರವರು ಅಂಥವರನ್ನು ‘ನಡೆಯೋರು’ ಎಂದು ಕರೆದು ಸುಮ್ಮನಾದರು.

ಜನ ಹೊಂದಿಕೊಂಡರು. ಜನ ಯಾವುದಕ್ಕೆ ತಾನೆ ಹೊಂದಿಕೊಳ್ಳುವುದಿಲ್ಲ? ಕೋರ್ಟಿನಲ್ಲಿ ಸಾಕ್ಷಿಗಳು ಓಡಾಡುತ್ತ ಹೇಳಿಕೆ ಕೊಡಲೆಂದು ಕಟಕಟೆಯನ್ನು ಉದ್ದ ಮಾಡಿದರು. ಮದುವೆಯಲ್ಲಿ ನಡೆಯೋರಿಗೆಂದೇ ಕೈಯಲ್ಲಿ ತಟ್ಟೆ ಹಿಡಿದು ಛತ್ರ ಸುತ್ತುವ ಪಂಕ್ತಿ ಶುರುವಾಯಿತು. ಅಲುಗಾಡುವ ಗಾಡಿಯಲ್ಲಿ ದೇಹಕ್ಕೆ ಅರ್ಧ ಗಂಟೆ ಮೋಸ ಮಾಡಬಹುದು ಎಂದು ಗೊತ್ತಾದದ್ದೇ ತಡ, ಆಟೋದವರು ‘ನಿದ್ದೆ ಬಾಡಿಗೆ’ ಎಂದು ಬೋರ್ಡು ಹಾಕಿಕೊಂಡು ಊರು ಸುತ್ತತೊಡಗಿದರು. ಹಿಂದಿನ ಸೀಟಿನಲ್ಲಿ ಯಾರೋ ಬಾಯಿ ತೆರೆದು ಮಲಗಿರುತ್ತಿದ್ದರು. ಕ್ಷೌರದಂಗಡಿಯವರು ಮಾತ್ರ ನಮ್ಮ ಕೈಲಾಗಲ್ಲ ಸ್ವಾಮಿ ಎಂದು ಕೈಮುಗಿದುಬಿಟ್ಟರು.

ಇಂಚರಳ ಅಪ್ಪ ಆ ಜ್ವರದಲ್ಲೇ ತೀರಿಕೊಂಡ. ಅಮ್ಮ ಸುಮಿತ್ರ ಉಳಿದಳು, ನಡೆಯೋಳಾಗಿ. ಅವಳದು ರವಿಕೆ ಹೊಲಿಯುವ ಕೆಲಸ. ಕೂರಲಾಗದ ಟೈಲರಮ್ಮನ ಹತ್ತಿರ ಯಾರು ಬರುತ್ತಾರೆ? ಮಿಷನ್ನಿಗೆ ಹಳೇ ಸೀರೆ ಹೊದಿಸಿ, ಅದರ ಸುತ್ತಲೇ ತಿರುಗುತ್ತಿದ್ದಳು. ನಡುಮನೆ, ಅಡುಗೆಮನೆ, ಮತ್ತೆ ನಡುಮನೆ. ಇಂಚರ ಓದುವಾಗ ಬೆನ್ನ ಹಿಂದೆ ಆ ಹೆಜ್ಜೆ ಸದ್ದು ನಿಲ್ಲುತ್ತಲೇ ಇರಲಿಲ್ಲ. ಒಮ್ಮೆ ರೇಗಿ, "ಒಂದ್ನಿಮಿಷ ನಿಂತ್ಕೊಳಮ್ಮ" ಎಂದುಬಿಟ್ಟಿದ್ದಳು. ಸುಮಿತ್ರ ನಿಜವಾಗಿ ನಿಲ್ಲಲು ನೋಡಿದಳು. ಮುಖ ಬೆವರಿ, ತುಟಿ ಕಚ್ಚಿಕೊಂಡು, ಗೋಡೆ ಹಿಡಿದು ನಿಂತ ಅಮ್ಮನನ್ನು ನೋಡಲಾಗದೆ ಮಗಳೇ ಅವಳ ಕೈಹಿಡಿದು ನಡೆಸಿದಳು.

ಆಮೇಲೆ ಮಾತ್ರೆ ಬಂತು. ಪೊಟ್ಟಣದ ಮೇಲೆ ‘ಆಸೀನ್’ ಎಂದಿದ್ದರೂ ಅಂಗಡಿಯಲ್ಲಿ ಎಲ್ಲರೂ ಕೇಳುತ್ತಿದ್ದುದು ಕೂರೋ ಮಾತ್ರೆಯನ್ನೇ. ಬೆಳಿಗ್ಗೆ ಒಂದು, ಸಂಜೆ ಒಂದು. ಮೊದಲ ದಿನ ಮಾತ್ರೆ ನುಂಗಿದ ಸುಮಿತ್ರ ಮಧ್ಯಾಹ್ನದ ಹೊತ್ತಿಗೆ ಮಿಷನ್ನಿನ ಸ್ಟೂಲಿನ ತುದಿಯಲ್ಲಿ ಹೆದರಿ ಹೆದರಿ ಕೂತಳು. ಏಳಲಿಲ್ಲ. ಕೂತೇ ಇದ್ದಳು. ಬಿಕ್ಕಿ ಬಿಕ್ಕಿ ಅತ್ತು, ಯಾರ ಅಳತೆಯೂ ಅಲ್ಲದ ಒಂದು ರವಿಕೆಯನ್ನು ಸಂಜೆಯೊಳಗೆ ಹೊಲಿದು ಮುಗಿಸಿದಳು. ಅದು ಯಾರಿಗೂ ಆಗಲಿಲ್ಲ. ಇಂದಿಗೂ ಮನೆಯಲ್ಲಿದೆ.

ಇಂಚರ ಕೈಗಾರಿಕಾ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡುತ್ತಿದ್ದಳು. ಕೋರ್ಸಿನ ಎರಡನೇ ವರ್ಷ ಪೂರ್ತಿ ಯಾವುದಾದರೂ ಕಾರ್ಖಾನೆಯಲ್ಲಿ ಕೆಲಸ ಕಲಿಯಬೇಕು. ಅವಳು ಹಟ ಹಿಡಿದು ತೂಬಿನಕೆರೆಯ ಔಷಧ ಕಾರ್ಖಾನೆಯನ್ನೇ ಆರಿಸಿಕೊಂಡಳು. ದೇಶಕ್ಕೆಲ್ಲ ಕೂರೋ ಮಾತ್ರೆ ಮಾಡುತ್ತಿದ್ದುದು ಒಂದೇ ಕಂಪನಿ. ಅದರ ದೊಡ್ಡ ಪ್ಲಾಂಟು ಇಲ್ಲಿ, ಚಿಕ್ಕದು ಬೀದರಿನಲ್ಲಿ.

ಲ್ಯಾಬಿನಲ್ಲಿ ಅವಳಿಗೆ ಕೊಟ್ಟ ಕೆಲಸ ನೋಡುವವರಿಗೆ ಬೇಜಾರು ಹುಟ್ಟಿಸುವಂಥದ್ದು. ಪ್ರತಿ ಬ್ಯಾಚಿನಿಂದ ಚಿಟಿಕೆ ಪುಡಿ ತೆಗೆದು ಎಕ್ಸ್‌ರೇ ಯಂತ್ರದಲ್ಲಿಟ್ಟು, ಹರಳು ಸರಿಯಿದೆಯೇ ಎಂದು ನೋಡಬೇಕು. ಮಾರ್ಗದರ್ಶಕರಾಗಿದ್ದ ಡಾ. ಹೂಗಾರ ವಿಜಯಪುರದ ಕಡೆಯವರು. ಬುದ್ಧಿವಂತರು, ಒಳ್ಳೆಯವರು, ಸ್ವಲ್ಪ ಪುಕ್ಕಲು. ಮೊದಲ ದಿನವೇ ಹೇಳಿದ್ದರು: "ಅಣು ಒಂದ ಇರ್ತೈತಿ ನೋಡವಾ. ಆದ್ರ ಅವು ಸಾಲಾಗಿ ಹ್ಯಾಂಗ ನಿಲ್ತಾವು ಅನ್ನೂದರ ಮ್ಯಾಲೆ ಹರಳು ಬ್ಯಾರೆ ಆಕ್ಕೈತಿ. ನಮ್ಮದು ಸೂಜಿಯಂಥಾ ಹರಳು. ಹೊಟ್ಟ್ಯಾಗ ಹೋಗಿ ಕರಗ್ತೈತಿ. ಕರಗಿದ್ರ ಔಷಧ, ಇಲ್ಲಂದ್ರ ಬರೇ ಸುಣ್ಣ."

ಭಾದ್ರಪದದಲ್ಲಿ ಅವರ ಮೇಜಿನ ಮೇಲಿನ ಫ್ಲಾಸ್ಕೊಂದರಲ್ಲಿ ಹೊಸ ಹರಳು ಹುಟ್ಟಿತು. ಯಾರೂ ಬೇಕೆಂದು ಮಾಡಿದ್ದಲ್ಲ. ಕಿಟಕಿಯ ಬಿಸಿಲಿಗೋ ಏನೋ, ದ್ರಾವಣ ತಾನಾಗಿ ಬೇರೆ ದಾರಿ ಹಿಡಿದು, ಅಭ್ರಕದಂತೆ ಹೊಳೆಯುವ ತೆಳ್ಳನೆಯ ಚಕ್ಕೆಗಳಾಗಿ ನಿಂತಿತ್ತು. ಪರೀಕ್ಷಿಸಿದರೆ ಅಣು ಅದೇ. ಆದರೆ ಎಷ್ಟು ಒತ್ತೊತ್ತಾಗಿ ಕೂತಿತ್ತೆಂದರೆ ನೀರಿನಲ್ಲಿ ಕರಗುತ್ತಲೇ ಇರಲಿಲ್ಲ. ಔಷಧಕ್ಕೆ ಬಾರದ ಹರಳಾದರೂ ಹೊಸ ಹರಳು ಹೊಸ ಹರಳೇ. ಹೂಗಾರರು ಮಗು ಹುಟ್ಟಿದಷ್ಟು ಸಂಭ್ರಮಪಟ್ಟು ಗಾಜಿನ ತಟ್ಟೆಯಲ್ಲಿಟ್ಟು ಬಂದವರಿಗೆಲ್ಲ ತೋರಿಸಿದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ಕಾರ್ಖಾನೆಯಲ್ಲಿ ನಿಯಮದ ಪ್ರಕಾರ ಪೂಜೆಯೆಲ್ಲ ಗೇಟಿನ ಹತ್ತಿರ ಮಾತ್ರ. ಆದರೆ ವರ್ಷವಿಡೀ ದುಡಿಯುವ ಯಂತ್ರಕ್ಕೆ ಒಂದು ಬೊಟ್ಟು ಕುಂಕುಮವೂ ಇಲ್ಲವೆಂದರೆ ಹೇಗೆ? ರಿಯಾಕ್ಟರುಗಳ ಹಿರಿಯ ಆಪರೇಟರ್ ಕೆಂಪರಾಜು ಅದನ್ನು ಒಪ್ಪುವವನೇ ಅಲ್ಲ. ಪ್ರತಿ ವರ್ಷ ಸದ್ದಿಲ್ಲದೆ ಒಳಗೂ ಪೂಜೆ ನಡೆಯುತ್ತಿತ್ತು. ಪ್ಲಾಂಟ್ ಹೆಡ್ಡು ಆ ಹೊತ್ತಿಗೆ ಸರಿಯಾಗಿ ಫೋನಿನಲ್ಲಿರುತ್ತಿದ್ದರು. ಈ ಸಲ ಕುಂಕುಮದ ತಟ್ಟೆ ಹಿಡಿಯುವ ಕೆಲಸ ಇಂಚರಳ ಪಾಲಿಗೆ ಬಂತು. "ಹೆಣ್ಮಗ ಹಿಡ್ಕಂಡ್ರೆ ಲಕ್ಷಣ ಕನವ್ವ" ಎಂದ ಕೆಂಪರಾಜು. ಮೊದಲು ಲ್ಯಾಬು. ಎಕ್ಸ್‌ರೇ ಯಂತ್ರಕ್ಕೆ, ತಕ್ಕಡಿಗೆ ಬೊಟ್ಟಿಟ್ಟ. ಹೂಗಾರರು ನಗುತ್ತ, "ನನ್ನ ಕೂಸಿಗೂ ಹಚ್ಚೋ" ಎಂದು ಆ ಚಕ್ಕೆಗಳ ಗಾಜಿನ ತಟ್ಟೆ ಮುಂದೆ ಹಿಡಿದರು. ಕೆಂಪರಾಜು ಅದರ ಅಂಚಿಗೂ ಬೊಟ್ಟಿಟ್ಟು, ಅದೇ ಬೆರಳನ್ನು ಮತ್ತೆ ಕುಂಕುಮಕ್ಕೆ ಅದ್ದಿ ಮೈಕ್ರೋಸ್ಕೋಪಿನ ಬುಡಕ್ಕೂ ಇಟ್ಟ. ಬಳಿಕ ಎಲ್ಲರೂ ತಲೆಗೆ ಟೋಪಿ, ಕಾಲಿಗೆ ಕವಚ, ಮೈಗೆ ಬಿಳಿ ನಿಲುವಂಗಿ ಹಾಕಿಕೊಂಡು, ಒಂದೂ ನಿಯಮ ಬಿಡದೆ, ಉತ್ಪಾದನಾ ವಿಭಾಗಕ್ಕೆ ಹೋಗಿ ಇಂಚರಳ ತಟ್ಟೆಯ ಕುಂಕುಮವನ್ನೇ ಪ್ರತಿ ರಿಯಾಕ್ಟರಿನ ಮುಚ್ಚಳಕ್ಕೆ ಹಚ್ಚಿದರು. ಇಂಚರಳಿಗೆ ಅಂದು ಖುಷಿಯಾಗಿತ್ತು. ಅಮ್ಮನನ್ನು ಕೂರಿಸಿದ ಯಂತ್ರಗಳಿಗೆ ತಾನೂ ಕೈಮುಗಿದೆ ಎಂದುಕೊಂಡಳು.

ರಜೆ ಮುಗಿದು ಶುರುವಾದ ಮೊದಲ ಬ್ಯಾಚಿನಲ್ಲೇ ಎಕ್ಸ್‌ರೇ ಗೆರೆಗಳು ಜಾಗ ತಪ್ಪಿದ್ದವು.

"ಮಿಷನ್ ಕೆಟ್ಟಿರಬೇಕು. ಇನ್ನೊಮ್ಮಿ ಹಾಕವಾ" ಎಂದರು ಹೂಗಾರರು. ಅವಳು ಹಾಕಿದಳು. ಮತ್ತೆ ಅದೇ. ಎರಡನೇ ರಿಯಾಕ್ಟರಿನ ಪುಡಿಯೂ ಹಾಗೇ, ಮೂರನೆಯದೂ ಹಾಗೇ. ಸೂಜಿ ಬರಬೇಕಾದಲ್ಲೆಲ್ಲ ಚಕ್ಕೆ. ರಿಯಾಕ್ಟರು ಬಿಚ್ಚಿ ತೊಳೆದರು. ಆವಿ ಹಾಯಿಸಿದರು. ದ್ರಾವಕ ಬದಲಾಯಿಸಿದರು. ಯಾವುದಕ್ಕೂ ಚಕ್ಕೆ ಹೆದರಲಿಲ್ಲ. ಪ್ಲಾಂಟ್ ಹೆಡ್ಡು ಕಚ್ಚಾವಸ್ತುವಿನವರ ಮೇಲೆ ಕೂಗಾಡಿದರು. ನೀರು ಚೆನ್ನಾಗಿಲ್ಲ ಎಂದರು. ಗೆರೆ ಚೂರು ಜರುಗಿದ್ದಕ್ಕೆಲ್ಲ ಸರಬರಾಜು ನಿಲ್ಲಿಸಲಾಗದು ಎಂದು ಆರಂಭದ ಒಂದೆರಡು ಬ್ಯಾಚನ್ನು ಪೇಟೆಗೂ ಬಿಟ್ಟರು. ಕೆಂಪರಾಜು ಮಾತ್ರ ತಲೆಯಾಡಿಸಿ, "ಯಾರ್ದೋ ಕೆಟ್ಟ ಕಣ್ಣು ಬಿದ್ದದೆ ಬುಡಿ" ಎಂದ.

ಇಂಚರಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವಳಿಗೆ ಕಾಯಿಲೆ ಇರಲಿಲ್ಲ, ಆದರೂ ಕಾರಿಡಾರಿನಲ್ಲಿ ಅಮ್ಮನಂತೆಯೇ ಹೋಗಿ ಬಂದು ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಊಟ ಬಿಟ್ಟು ಮೈಕ್ರೋಸ್ಕೋಪಿನ ಮುಂದೆ ಬಂದಾಗ ಅದರ ಬುಡದ ಕುಂಕುಮದ ಬೊಟ್ಟು ಕಣ್ಣಿಗೆ ಬಿತ್ತು. ಪೂಜೆಯ ಬೊಟ್ಟನ್ನು ಯಾರು ಒರೆಸುತ್ತಾರೆ? ಅದು ಒಣಗಿ ಹಾಗೇ ಇತ್ತು. ಏನೋ ಹೊಳೆದು ಬ್ಲೇಡಿನ ತುದಿಯಿಂದ ಕೆರೆದು ಗಾಜಿನ ಪಟ್ಟಿಯ ಮೇಲಿಟ್ಟು ಅದೇ ಮೈಕ್ರೋಸ್ಕೋಪಿನಲ್ಲಿ ನೋಡಿದಳು. ಕೆಂಪು ಕಣಗಳ ನಡುವೆ ಅಲ್ಲೊಂದು ಇಲ್ಲೊಂದು ತೆಳ್ಳನೆಯ ಚಕ್ಕೆ ಮಿನುಗುತ್ತಿತ್ತು.

ಒಂದು ಹನಿ ಮೊಸರು ಬಿದ್ದರೆ ಪಾತ್ರೆ ಹಾಲೆಲ್ಲ ಹೆಪ್ಪುಗಟ್ಟುತ್ತದಲ್ಲ, ಹಾಗೆ. ಕಣ್ಣಿಗೆ ಕಾಣದಷ್ಟು ಸಣ್ಣ ಚಕ್ಕೆ ಸಾಕು; ಬಿದ್ದ ದ್ರಾವಣದ ಅಣುಗಳೆಲ್ಲ ಅದನ್ನೇ ನೋಡಿ ಅದರಂತೆಯೇ ಸಾಲು ನಿಲ್ಲುತ್ತವೆ. ಒಮ್ಮೆ ಒಂದು ಕಟ್ಟಡದೊಳಗೆ ಹೊಕ್ಕರೆ ಗಾಳಿಯಲ್ಲಿ, ಬಟ್ಟೆಯಲ್ಲಿ, ಕೂದಲಲ್ಲಿ ಎಲ್ಲೆಲ್ಲೂ ಅದೇ. ಆಮೇಲೆ ಅಲ್ಲಿ ಸೂಜಿ ಹುಟ್ಟುವುದೇ ಇಲ್ಲ. ಹೂಗಾರರ ಕೂಸು ಕುಂಕುಮದ ಜೊತೆ ಮೆರವಣಿಗೆ ಹೊರಟು ಕಾರ್ಖಾನೆಯನ್ನೇ ನುಂಗಿತ್ತು. ಆ ಕುಂಕುಮದ ತಟ್ಟೆ ಅವಳ ಕೈಯಲ್ಲಿತ್ತು.

ಅಂದು ಸಂಜೆ ಮನೆಗೆ ಬಂದರೆ ಮಿಷನ್ನಿನ ಮೇಲೆ ಒಂದು ತೋಳು ಮಾತ್ರ ಹೊಲಿದ ರವಿಕೆ ಬಿದ್ದಿತ್ತು. ಸುಮಿತ್ರ ನಡುಮನೆಯಲ್ಲಿ ನಡೆಯುತ್ತಿದ್ದಳು.

"ಹೊಸಾ ಸ್ಟ್ರಿಪ್ ಒಡ್ದೆ ಕಣೆ ನೆನ್ನೆ. ಕೆಲ್ಸನೇ ಮಾಡ್ತಿಲ್ಲ. ಒಂದರ ಮೇಲೊಂದು ನುಂಗ್ದೆ, ಊಹೂಂ. ಕಾಲು ಕೇಳ್ತಿಲ್ಲ."

"ಹಳೇದು ಇನ್ನೆಷ್ಟಿದೆ ಅಮ್ಮ?"

"ಹಳೇದೆಲ್ಲೈತೆ, ಮುಗೀತು. ಅಂಗಡೀಲೂ ಇಲ್ವಂತೆ. ಪಕ್ಕದ್ ಬೀದಿ ಮೇಷ್ಟ್ರೂ ಬೆಳಿಗ್ಗಿಂದ ರೋಡಲ್ಲೇ ಅವ್ರೆ, ಪಾಪ. ಏನಾಯ್ತೇ ನಿಮ್ಮ ಕಂಪ್ನಿಗೆ?"

ಇಂಚರ ಅಮ್ಮನ ಜೊತೆ ನಡೆಯುತ್ತಲೇ ಎಲ್ಲವನ್ನೂ ಹೇಳಿದಳು. ಆ ಮನೆಯಲ್ಲಿ ಗಂಭೀರವಾದ ಮಾತೆಲ್ಲ ನಡೆಯುತ್ತಲೇ ಆಗಬೇಕಿತ್ತು. ಸುಮಿತ್ರ ಬೈಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ತಿರುಗುವಾಗ, "ಇನ್ನೆಲ್ಲೂ ಮಾಡಾಕಾಗಲ್ವಾ?" ಎಂದಷ್ಟೇ ಕೇಳಿದಳು.

"ಬೀದರಲ್ಲಿ ಆಗುತ್ತೆ. ಅಲ್ಲಿಗೆ ಚಕ್ಕೆ ಹೋಗಿಲ್ಲ. ಅದೊಂದೇ ಉಳಿದಿರೋದು."

"ಅಂಗಾದ್ರೆ ಅದನ್ನಾದ್ರೂ ಕಾಪಾಡ್ಕಳಿ."

ಕಂಪನಿಯೂ ಬೀದರನ್ನೇ ಯೋಚಿಸಿತ್ತು, ಆದರೆ ಅದರ ಯೋಚನೆಯೇ ಬೇರೆ. ಅಲ್ಲಿ ಉತ್ಪಾದನೆ ಮೂರು ಪಟ್ಟು ಮಾಡಬೇಕು. ಅಲ್ಲಿಯವರಿಗೆ ಅಷ್ಟು ಕೈ ಪಳಗಿಲ್ಲ. ಆದ್ದರಿಂದ ಹೂಗಾರರು, ಕೆಂಪರಾಜು, ಇನ್ನೂ ಹತ್ತಾರು ಆಪರೇಟರುಗಳು ಬಸ್ಸಿನಲ್ಲಿ ಬೀದರಿಗೆ ಹೋಗಿ ಸೋಮವಾರ ಬೆಳಿಗ್ಗೆ ಕೆಲಸ ಶುರು ಮಾಡಬೇಕು. ಸುದ್ದಿ ಕೇಳಿದ ಇಂಚರ ಹೂಗಾರರ ಕೋಣೆಗೆ ನುಗ್ಗಿದಳು.

"ಸರ್, ನೀವ್ಯಾರೂ ಅಲ್ಲಿಗೆ ಹೋಗಬಾರದು. ನಾವೆಲ್ಲ ಹೆಪ್ಪು ಆಗ್ಬಿಟ್ಟಿದ್ದೀವಿ ಸರ್."

ಅವಳು ಕುಂಕುಮದ ಬೊಟ್ಟಿನಲ್ಲಿ ಕಂಡದ್ದನ್ನು ಹೇಳಿದಳು. ಅವರಿಗೂ ಒಳಗೊಳಗೆ ಅನುಮಾನ ಇದ್ದಿರಬೇಕು. ಕನ್ನಡಕ ಒರೆಸಿಕೊಂಡು, "ಜಳಕಾ ಮಾಡಿ, ಹೊಸಾ ಅರಿವಿ ಹಾಕ್ಕೊಂಡ ಹೋಗ್ತೀವಿ ಬಿಡವಾ. ಏನೂ ಆಗೂದಿಲ್ಲ" ಎಂದರು.

"ಹಾಗಾದ್ರೆ ನಾಳೆ ಸ್ನಾನ ಮಾಡಿ ಹೊಸ ಬಟ್ಟೆ ಹಾಕ್ಕೊಂಡೇ ಬನ್ನಿ ಸರ್. ನೋಡೇಬಿಡೋಣ."

ಮಾರನೆಯ ದಿನ ಅವರು ಗರಿಗರಿಯಾದ ಹೊಸ ಅಂಗಿ ತೊಟ್ಟು, ತಲೆಗೂದಲು ಇನ್ನೂ ಒದ್ದೆಯಾಗಿರುವಂತೆ ಬಂದರು. ಕಟ್ಟಡದ ಗಾಳಿ ಸೋಕದಿರಲೆಂದು ಇಂಚರ ಹೊರಗೆ ದೂರದ ಮರದಡಿ ಮೇಜು ಕುರ್ಚಿ ಹಾಕಿಸಿ ಎರಡು ಗಾಜಿನ ಕೊಳವೆ ಇಟ್ಟಿದ್ದಳು. ಪೂಜೆಗೂ ಮೊದಲು ಔಷಧದ ದ್ರಾವಣ ತುಂಬಿ, ಗಾಜಿನ ಬಾಯಿಯನ್ನೇ ಕರಗಿಸಿ ಮುಚ್ಚಿಟ್ಟಿದ್ದ ಹಳೆಯ ಮಾದರಿಗಳು ಅವು. ಎರಡನ್ನೂ ಕಾಯಿಸಿ ತಣಿಸಿದಳು. ಮುಚ್ಚಿದ ಕೊಳವೆಗಳೊಳಗೆ ದ್ರಾವಣ ತಿಳಿನೀರಿನಂತೆ ನಿಂತಿತ್ತು. ಒಂದನ್ನು ಹಾಗೇ ಬಿಟ್ಟು, ಇನ್ನೊಂದರ ಕುತ್ತಿಗೆಯನ್ನು ಹೊಸ ಕೈಗವಚ ಹಾಕಿಕೊಂಡು ಮುರಿದಳು. ತಾನು ಉಸಿರು ಬಿಗಿಹಿಡಿದು ಹಿಂದೆ ಸರಿದು ನಿಂತಳು.

"ಈಗ ನೀವು ಬಗ್ಗಿ ನೋಡಿ ಸರ್. ಮುಟ್ಟಬೇಡಿ, ನೋಡಿ ಅಷ್ಟೆ."

ಹೂಗಾರರು ಬಗ್ಗಿದರು. ಕೊಂಚ ಹೊತ್ತು ಏನೂ ಆಗಲಿಲ್ಲ. ಅವರ ಮುಖದಲ್ಲಿ ನಗು ಮೂಡತೊಡಗಿತು. ಆ ನಗು ಅರ್ಧದಲ್ಲಿರುವಾಗಲೇ ದ್ರಾವಣದ ಮೇಲ್ಮೈಯಲ್ಲಿ ಒಂದು ಚುಕ್ಕಿ ಕಾಣಿಸಿತು. ಚುಕ್ಕಿ ರೆಕ್ಕೆ ಬಿಚ್ಚಿತು. ನೋಡನೋಡುತ್ತ ಕೊಳವೆಯ ತುಂಬ ಹೊಳೆಯುವ ಚಕ್ಕೆಗಳು ಒಂದರ ಮೇಲೊಂದು ಸುರಿದವು. ಮುಚ್ಚಿದ ಕೊಳವೆಯಲ್ಲಿ ಏನೂ ಬದಲಾಗಿರಲಿಲ್ಲ.

ಅವರು ಕುರ್ಚಿಯಲ್ಲಿ ಕುಸಿದು ಕೂತರು. "ನಾ ಎಲ್ಲಿ ಕಾಲಿಟ್ರೂ ಹಿಂಗ ಆಕ್ಕೈತೇನು?"

"ನಾನು ಇಟ್ಟರೂ ಅಷ್ಟೇ ಸರ್. ನಾವು ಕೂತಲ್ಲಿಂದ ಫೋನಲ್ಲೇ ಅವರಿಗೆ ಕಲಿಸಬೇಕು. ನಿಧಾನ ಆಗುತ್ತೆ, ಆದರೂ ಆಗುತ್ತೆ. ಪ್ಲಾಂಟ್ ಹೆಡ್‌ಗೆ ಹೇಳಿ ಸರ್."

ಅವರು ಹೋದರು. ಬಾಗಿಲು ಮುಚ್ಚಿದ ಕೋಣೆಯೊಳಗಿಂದ ಪ್ಲಾಂಟ್ ಹೆಡ್ಡಿನ ದನಿ ಮಾತ್ರ ಕೇಳುತ್ತಿತ್ತು. ಹೊರಗೆ ಬಂದಾಗ ಹೂಗಾರರ ಮುಖ ಬಾಡಿತ್ತು. ಔಷಧ ತಯಾರಿಸುವ ಜಾಗದಲ್ಲಿ ಕುಂಕುಮ ಹಚ್ಚಿದ್ದೆವು ಎಂದು ಒಪ್ಪಿಕೊಂಡರೆ ಲೈಸೆನ್ಸು ಹೋಗುತ್ತದೆ, ಅದನ್ನು ಹೇಳಿದವನ ನೌಕರಿ ಮೊದಲು ಹೋಗುತ್ತದೆ, ಬಸ್ಸು ಹೊರಡುವುದು ಹೊರಡುವುದೇ. ಇದು ಅಪ್ಪಣೆ.

"ನೀವೂ ಹೋಗ್ತೀರಾ ಸರ್?"

"ಏನ್ ಮಾಡ್ಲಿ?" ಎಂದರು ಅವರು. ಅವಳ ಮುಖ ನೋಡದೆ ಲ್ಯಾಬಿನ ಕಪಾಟು ತೆರೆದು ಒಂದು ಪೆಟ್ಟಿಗೆ ತೆಗೆದರು. ನಿಯಮದಂತೆ ತೆಗೆದಿಟ್ಟಿದ್ದ ಹಳೇ ಬ್ಯಾಚುಗಳ ಮಾತ್ರೆ, ಸೂಜಿ ಹರಳಿನವು, ಸೀಲು ಒಡೆಯದವು. "ಇದನ್ನ ನಿಮ್ಮವ್ವಗ ತಗೊಂಡ ಹೋಗು. ವರ್ಷ ಎರಡು ವರ್ಷ ಬರ್ತಾವು. ಸುಮ್ನಿದ್ದು ವರ್ಷಾ ಮುಗಿಸಿ ಡಿಗ್ರಿ ತಗೋ ಮಗಳ."

ಇಂಚರಳ ಕೈ ಮುಂದೆ ಹೋಯಿತು ಎನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ಅಮ್ಮ ನಡೆಯುತ್ತಿದ್ದಳು, ಮಗಳ ಕೈ ಮುಂದೆ ಹೋಗದೆ ಇನ್ನೇನು? ಪೆಟ್ಟಿಗೆಯ ತಣ್ಣನೆಯ ತಗಡನ್ನು ಮುಟ್ಟಿದಳು ಕೂಡ. ಆಮೇಲೆ ನಿದ್ದೆ ಬಾಡಿಗೆಯ ಆಟೋಗಳು, ಪಕ್ಕದ ಬೀದಿಯ ಮೇಷ್ಟ್ರು, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದು ಕೈ ಹಿಂದೆ ಬಂತು. ಅಳು ಬಂತು, ಸಿಟ್ಟೂ ಬಂತು. "ಇದನ್ನ ಆಸ್ಪತ್ರೆಗೆ ಕೊಡಿ ಸರ್" ಎಂದು ಹೇಳಿ ಹೊರಟುಬಿಟ್ಟಳು.

ಭಾನುವಾರ ಮಧ್ಯಾಹ್ನ ಬಸ್ಸು ಹೊರಟಿತು, ಪ್ಲಾಂಟ್ ಹೆಡ್ಡೂ ಹತ್ತಿದರು. ಇಂಚರ ಔಷಧ ನಿಯಂತ್ರಣ ಇಲಾಖೆಗೆ ಫೋನ್ ಮಾಡಿದಳು, ರಜೆ. ಬೀದರ್ ಪ್ಲಾಂಟಿನ ಆಫೀಸಿಗೆ ಮಾಡಿದಳು, ಯಾರೂ ಎತ್ತಲಿಲ್ಲ. ತನ್ನ ಕಾಲೇಜಿನ ಮೇಷ್ಟರಿಗೆ ಮಾಡಿದಳು. ನಾಳೆ ಒಂದು ಅರ್ಜಿ ಬರೆದು ಕೊಡಮ್ಮ, ನೋಡೋಣ ಎಂದರು. ನಾಳೆ ಎನ್ನುವುದು ಬಸ್ಸು ಬೀದರ್ ತಲುಪುವ ಹೊತ್ತು. ಮನೆಯೊಳಗೆ ಈಗ ಇಬ್ಬರು ನಡೆಯುತ್ತಿದ್ದರು. ಒಬ್ಬಳಿಗೆ ಕಾಯಿಲೆ, ಇನ್ನೊಬ್ಬಳಿಗೆ ಕಳವಳ. ಎದುರುಬದುರಾದಾಗ ಒಬ್ಬರಿಗೊಬ್ಬರು ದಾರಿ ಬಿಡುತ್ತಿದ್ದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹೂಗಾರರ ಫೋನು ಬಂತು. ಬಸ್ಸಿನ ಸದ್ದಿನ ನಡುವೆ ದನಿ ತಗ್ಗಿಸಿ ಮಾತಾಡುತ್ತಿದ್ದರು.

"ಇಂಚರಾ, ಇನ್ನೊಂದು ಕೆಲಸ ಕೆಟ್ಟೈತಿ. ಈ ಕೆಂಪರಾಜು ಈಗ ಹೇಳಿದ. ಆ ಪೂಜಿ ಕುಂಕುಮ ಉಳಿದದ್ದನ್ನ ಪೊಟ್ಟಣಾ ಕಟ್ಟಿ ಬೀದರಿಗೆ ಕಳಿಸ್ಯಾನಂತ. ಇಲ್ಲಿ ಬಿದ್ದ ಕೆಟ್ಟ ಕಣ್ಣು ಅಲ್ಲಿ ಬೀಳಬಾರ್ದು, ಸೋಮವಾರ ಕೆಲಸಾ ಸುರು ಮಾಡೂಕಿಂತ ಮೊದಲ ಎಲ್ಲಾ ರಿಯಾಕ್ಟರಿಗೂ ಹಚ್ಚರಿ ಅಂತ."

"ತಲುಪಿದೆಯಾ ಸರ್?"

"ಗೇಟಿನ್ಯಾಗ ಬಂದು ಕುಂತೈತಂತ. ನಾ ಹೇಳಾಕ ಆಗೂದಿಲ್ಲವಾ, ಮುಂದಿನ ಸೀಟಿನ್ಯಾಗ ಪ್ಲಾಂಟ್ ಹೆಡ್ ಅದಾರ. ನನಗ ಅಷ್ಟು ಧೈರ್ಯಾ ದೇವ್ರು ಕೊಟ್ಟಿಲ್ಲ. ಗೇಟಿನ ನಂಬರ್ ಕಳಸ್ತೀನಿ. ನೀ ಹೇಳು."

ನಂಬರು ಬಂತು. ಆ ಕಡೆ ಎತ್ತಿದ್ದು ಗೇಟಿನ ಕಾವಲುಗಾರ. ಹೆಸರು ಝರಣಪ್ಪ ಎಂದ. ಇಂಚರ ತಾನು ಮಂಡ್ಯದ ಪ್ಲಾಂಟಿನ ವಿದ್ಯಾರ್ಥಿನಿ ಎಂದಳು. ಫೋನನ್ನು ಸ್ಪೀಕರಿಗೆ ಹಾಕಿಕೊಂಡು ನಡೆಯುತ್ತಲೇ ಮಾತಾಡಿದಳು.

"ಅಣ್ಣ, ನಮ್ಮಲ್ಲಿಂದ ಒಂದು ಕುಂಕುಮದ ಪೊಟ್ಟಣ ಬಂದಿದೆಯಾ?"

"ಹೌದ್ರಿ, ಪ್ರಸಾದ ಬಂದದ. ನನ್ನ ಕಿಸೆದಾಗೇ ಇಟ್ಟೀನಿ. ಮುಂಜಾನಿ ಒಳಗ ಒಯ್ದು ಹಚ್ಚತೀನ್ರಿ."

"ಬಿಚ್ಚಿದ್ದೀರಾ?"

"ಇಲ್ರಿ. ಹಂಗೇ ಅದ."

"ಅದನ್ನ ಬಿಚ್ಚಬೇಡಿ ಅಣ್ಣ. ಒಳಗೆ ತಗೊಂಡು ಹೋಗಬೇಡಿ. ಅದರಲ್ಲಿ ಔಷಧ ಕೆಡಿಸೋ ಒಂದು ಪುಡಿ ಸೇರಿಕೊಂಡಿದೆ. ಅದು ಒಳಗೆ ಹೋದ್ರೆ ಕೂರೋ ಮಾತ್ರೆ ಇನ್ಮೇಲೆ ಎಲ್ಲೂ ಆಗಲ್ಲ. ನಮ್ಮಲ್ಲಿ ಹಾಗೇ ಆಗಿದ್ದು."

ಝರಣಪ್ಪ ನಿಧಾನವಾಗಿ ಹೇಳಿದ: "ನಾನೂ ನಡಿಯಾಂವೇ ಇದ್ದೀನ್ರಿ ಅಕ್ಕ. ನಡಿಯಾಂವ ಅಂತೇ ಕಾವಲಿಗಿ ಇಟ್ಕೊಂಡಾರ. ಈಗ ಇಲ್ಲೇ ಮಾಡಿದ ಗುಳಿಗಿ ನುಂಗಿ ಕುರ್ಚಿ ಮ್ಯಾಲ ಕುಂತೀನಿ." ಮತ್ತೆ ತಡೆದು ಕೇಳಿದ, "ಹಂಗಿದ್ರ ಬಾವ್ಯಾಗ ಬಿಡ್ಲೇನ್ರಿ? ಪ್ರಸಾದ ನೀರಿಗಿ ಬಿಡೂದೇ ಪದ್ಧತಿ."

"ಬೇಡ, ಬೇಡ! ನೀರಿಗೆ ಬೇಡ. ಅದೇ ನೀರು ಪ್ಲಾಂಟಿಗೆ ಬಂದ್ರೆ? ಸುಟ್ಟುಬಿಡಿ ಅಣ್ಣ. ಗೇಟಿಂದ ದೂರ ಹೋಗಿ ಸುಡಿ."

"ಸುಡೂದಾ?" ಝರಣಪ್ಪನ ದನಿ ಏರಿತು. "ಕುಂಕುಮ ಸುಡೂದಾ? ನೀವು ಹೆಣ್ಮಗಳಾಗಿ ಹಿಂಗ ಹೇಳ್ಲತ್ತೀರಲ್ರಿ! ನನ್ನ ಹೇಣ್ತಿ ಮನ್ಯಾಗ ಇದ್ದಾಳ. ಆಕಿ ಕುಂಕುಮಕ್ಕ ಏನರ ಆದ್ರ? ನನ್ನ ಕೈಲಿ ಆಗಂಗಿಲ್ಲ. ದೊಡ್ಡ ಸಾಹೇಬರು ಬರ್ಲತ್ತಾರ, ಅವರಿಗೇ ಕೇಳ್ತೀನಿ."

"ಅಣ್ಣ, ಅವರನ್ನ ಕೇಳಬೇಡಿ..." ಇಂಚರ ಗೋಗರೆದಳು. ಅಷ್ಟೆಲ್ಲ ಓದಿದ್ದಳು. ಹರಳಿನ ಒಳಗಿನ ಅಣುಗಳ ಸಾಲು ಎಣಿಸುವುದು ಗೊತ್ತಿತ್ತು. ಹೆಂಡತಿಯ ಕುಂಕುಮಕ್ಕೆ ಹೆದರುವ ಗಂಡನಿಗೆ ಹೇಳುವಂಥ ಒಂದು ಮಾತೂ ಅವಳ ಬಳಿ ಇರಲಿಲ್ಲ.

ಅಡುಗೆಮನೆಯ ಕಡೆಯಿಂದ ನಡೆದು ಬರುತ್ತಿದ್ದ ಸುಮಿತ್ರ ಕೈಚಾಚಿ ಫೋನು ಕಿತ್ತುಕೊಂಡಳು. ನಿಲ್ಲಲಿಲ್ಲ. ಫೋನನ್ನು ಬಾಯಿಯ ಹತ್ತಿರ ಹಿಡಿದು ನಡೆಯುತ್ತಲೇ ಹೋದಳು.

"ಅಣ್ಣೋ, ನಾನು ಇವಳ ತಾಯಿ ಕನಣ್ಣ. ನಾನೂ ನಡೆಯೋಳೇ. ಬಟ್ಟೆ ಹೊಲಿಯೋಳು. ಈ ಮಾತ್ರೆ ಬಂದ್ಮೇಲೆ ಕುಂತಿದ್ದೆ, ಈಗ ಮತ್ತೆ ಕಾಲು ಎದ್ದುಬುಟ್ಟವೆ. ನನ್ನ ಹೆಜ್ಜೆ ಸದ್ದು ಕೇಳ್ತಾ ಅದಾ ನಿನಗೆ?"

"ಕೇಳ್ತದ ತಾಯಿ."

"ನೀನು ಹೇಳಾದು ಸರಿ. ಮುತ್ತೈದೆ ಇರೋ ಮನೆಯವ್ನು ಕುಂಕುಮ ಸುಡಬಾರ್ದು. ಒಪ್ಕತೀನಿ. ಆದ್ರೆ ನನ್ನ ಗಂಡ ಆ ಜ್ವರದಲ್ಲೇ ಹೋದ ಅಣ್ಣ. ನನಗೆ ಇನ್ನು ಕುಂಕುಮದಿಂದ ಆಗೋ ಕೆಟ್ಟದ್ದು ಏನೂ ಉಳಿದಿಲ್ಲ. ನನ್ನ ಹೆಸರು ಸುಮಿತ್ರ. ನನ್ನ ಹೆಸರು ಹೇಳಿ ಬೆಂಕಿ ಇಡು. ನೀನಲ್ಲ ಸುಡ್ತಿರಾದು, ನಾನು. ಪಾಪ ಬಂದ್ರೆ ಮಂಡ್ಯಕ್ಕೆ ಹುಡಿಕ್ಕಂಡು ಬರ್ಲಿ. ನಾನಂತೂ ಇಲ್ಲೇ ಸುತ್ತುತಾ ಇರ್ತೀನಿ."

ಇಂಚರ ಬಾಯಿಗೆ ಕೈ ಅಡ್ಡ ಹಿಡಿದಳು. ಅಪ್ಪ ಹೋದ ಮೇಲೆ ಅಮ್ಮ ಈ ಮಾತನ್ನು ಯಾರ ಎದುರಿಗೂ ಆಡಿರಲಿಲ್ಲ.

ಫೋನಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಚಪ್ಪಲಿಯ ಸದ್ದು, ಬಹಳ ದೂರ ನಡೆದಂತೆ. ನಾಯಿಯೊಂದು ಬೊಗಳಿತು. ಕಡ್ಡಿ ಗೀರಿದ ಸದ್ದು. ಆರಿಹೋಯಿತೇನೋ, ಮತ್ತೆ ಗೀರಿದ ಸದ್ದು. ತಾಯಿ ಮಗಳು ಇಬ್ಬರೂ ಅಕ್ಕಪಕ್ಕದಲ್ಲಿ ನಡೆಯುತ್ತಿದ್ದರು.

"ಸುಮಿತ್ರಮ್ಮನ ಹೆಸರಿನಾಗ" ಎಂದು ಝರಣಪ್ಪ ಮೆಲ್ಲಗೆ ಹೇಳಿದ್ದು ಕೇಳಿತು. ಸ್ವಲ್ಪ ಹೊತ್ತಿನ ಮೇಲೆ, "ಆಯ್ತು ತಾಯಿ. ಕಾಗದಾ ಸೈತ ಬೂದಿ ಆಯ್ತು."

ಇಂಚರ ಫೋನಿಗೆ ಬಾಯಿ ಹಾಕಿ ಹೇಳಿದಳು: "ಅಣ್ಣ, ನೀವು ಆ ಪೊಟ್ಟಣ ಮುಟ್ಟಿದ್ದೀರಿ. ಇನ್ನು ನೀವೂ ಗೇಟಿನ ಒಳಗೆ ಹೋಗಬಾರದು. ಬೆಳಿಗ್ಗೆ ಇಲ್ಲಿಂದ ಬಸ್ಸು ಬರ್ತಾ ಇದೆ. ಅದರಲ್ಲಿರೋರ ಮೈಮೇಲೂ ಅದೇ ಪುಡಿ ಇದೆ. ಅವರನ್ನೂ ಬಿಡಬಾರದು. ಹೇಗೆ ತಡೀತೀರೋ ಗೊತ್ತಿಲ್ಲ, ಸಾಹೇಬರೂ ಅದರಲ್ಲೇ ಇದ್ದಾರೆ..."

ಝರಣಪ್ಪ ಮೊದಲ ಸಲ ನಕ್ಕ. "ಒಳಗ ಹೋಗಂಗಿಲ್ಲ ಅಂದ್ರ ಹೊರಗೇ ಇರ್ತೀನ್ರಿ ಅಕ್ಕ. ಇಲ್ಲಿ ನಡಿಯೋರು ಭಾಳ ಮಂದಿ ಇದ್ದೀವಿ. ಎಲ್ಲಾರಿಗೂ ಕರೀತೀನಿ. ಮುಂಜಾನಿ ಗುಳಿಗಿ ನುಂಗಿ ಬಂದು ಗೇಟಿನ ಮುಂದ ಸಾಲಾಗಿ ಕುಂದರ್ತೀವಿ. ನಿಮ್ಮ ಬಸ್ ಬರ್ಲಿ, ಸಾಹೇಬರೇ ಬರ್ಲಿ, ಏಳಂಗಿಲ್ಲ."

ಸುಮಿತ್ರ ನಡುಮನೆಯ ಕೊನೆ ಮುಟ್ಟಿ ತಿರುಗಿದಳು. ಕಣ್ಣೀರು ಒರೆಸಿಕೊಳ್ಳಲೂ ನಿಲ್ಲದೆ ಫೋನನ್ನು ಇನ್ನಷ್ಟು ಹತ್ತಿರ ಹಿಡಿದಳು.

"ಕುಂತ್ಕೊ ಅಣ್ಣ" ಎಂದಳು. "ನನ್ನ ಪಾಲಿಂದೂ ಸೇರಿಸಿ ಕುಂತ್ಕೊ."